ಮನೆ ಬಾಡಿಗೆಗೆ ಐರ್ಲೆಂಡಿನಲ್ಲಿ ದೊರೆಯುವ ನೆರವು

ಇಂಗ್ಲೆಂಡಿನಿಂದ ಇಲ್ಲಿಗೆ ಬಂದ ನಮ್ಮವರು ಮೊದಲು ವಿಚಾರಿಸುವುದು ಕೌನ್ಸಿಲ್ ಟ್ಯಾಕ್ಸಿನ ಬಗ್ಗೆ. ಐರ್ಲೆಂಡಿನಲ್ಲಿ ಅದಿಲ್ಲ. ವಾಸದ ಮನೆಗಳ ಮೇಲಿದ್ದ 'ರೇಟ್ಸ್' 1978ರಲ್ಲೇ ರದ್ದಾಯಿತು. 2013ರಿಂದ ಆಸ್ತಿ ತೆರಿಗೆ ಬಂದಿದೆ. ಊರಿನ ಮನೆ ಕಂದಾಯದಂತೆ ಅದು ಮಾಲೀಕರ ಹೊಣೆ. ವರಮಾನ ತೀರ ಕಡಿಮೆಯಿದ್ದರೆ ಅವರು ಅದನ್ನು ಮುಂದೂಡಬಹುದು, ಆದರೆ ಬಡ್ಡಿ ಬೆಳೆಯುತ್ತದೆ.

ಬಾಡಿಗೆದಾರರಿಗೆ 2014ರ ಕಾಯಿದೆಯಿಂದ ಬಂದ 'ಹ್ಯಾಪ್' ಯೋಜನೆಯಿದೆ. ಮೊದಲು ಸ್ಥಳೀಯ ಕೌನ್ಸಿಲಿನ ವಸತಿ ಪಟ್ಟಿಗೆ ಸೇರಬೇಕು. ಮನೆಯನ್ನು ನಾವೇ ಹುಡುಕಬೇಕು. ಗೊತ್ತಾದ ಮಿತಿಯವರೆಗೆ ಬಾಡಿಗೆ ನೇರವಾಗಿ ಮಾಲೀಕರಿಗೆ ಹೋಗುತ್ತದೆ. ನಾವು ವರಮಾನಕ್ಕೆ ತಕ್ಕ ಪಾಲನ್ನು ಕೌನ್ಸಿಲಿಗೆ ಕಟ್ಟುತ್ತೇವೆ. ಹ್ಯಾಪ್ ಪಡೆಯುವವರೆಂಬ ಕಾರಣಕ್ಕೆ ಮನೆ ನಿರಾಕರಿಸುವುದು 2016ರ ಜನವರಿಯಿಂದ ಕಾನೂನಿಗೆ ವಿರುದ್ಧ. ವರ್ಕ್‌ಪ್ಲೇಸ್ ರಿಲೇಶನ್ಸ್ ಕಮಿಷನ್ನಿಗೆ ದೂರು ಕೊಡಬಹುದು.

ಕೆಲಸದ ಪರ್ಮಿಟ್ಟಿನ ಮೇಲೆ ಹೊಸದಾಗಿ ಬಂದವರಿಗೆ ಸಾಮಾನ್ಯವಾಗಿ ಹ್ಯಾಪ್ ದೊರೆಯದು. ಅಂಥವರು ಬಾಡಿಗೆಯ ತೆರಿಗೆ ರಿಯಾಯಿತಿಯನ್ನು ಮರೆಯಬಾರದು. ಕಟ್ಟಿದ ಬಾಡಿಗೆಯ ಶೇ. 20ರಷ್ಟು ತೆರಿಗೆಯಲ್ಲಿ ಕಳೆಯುತ್ತಾರೆ. 2024 ಮತ್ತು 2025ನೇ ಸಾಲಿಗೆ ಒಬ್ಬರಿಗೆ 1,000 ಯೂರೋ, ಜಂಟಿಯಾಗಿ ತೆರಿಗೆ ಕಟ್ಟುವ ದಂಪತಿಗಳಿಗೆ 2,000 ಯೂರೋ ಗರಿಷ್ಠ. ತಿಂಗಳಿಗೆ 1,800 ಬಾಡಿಗೆಯಾದರೆ ವರ್ಷಕ್ಕೆ 21,600. ಅದರ ಐದರಲ್ಲೊಂದು ಪಾಲು 4,320. ಆದರೂ ದಂಪತಿಗಳಿಗೆ ಸಿಗುವುದು 2,000 ಮಾತ್ರ. ಹ್ಯಾಪ್ ಪಡೆಯುವವರಿಗೆ ಇದಿಲ್ಲ.

ಬಾಡಿಗೆ ಕರಾರು ರೆಸಿಡೆನ್ಷಿಯಲ್ ಟೆನೆನ್ಸೀಸ್ ಬೋರ್ಡಿನಲ್ಲಿ ನೋಂದಣಿಯಾಗಿದೆಯೇ ಎಂದು ಮಾಲೀಕರನ್ನು ಕೇಳಿ. ಬಾಡಿಗೆ ಕಟ್ಟಿದ ದಾಖಲೆಗಳನ್ನು ಜೋಪಾನವಾಗಿಡಿ. ಹಿಂದಿನ ಬಾಕಿಯನ್ನು ನಾಲ್ಕು ವರ್ಷಗಳೊಳಗೆ ಕೇಳಬಹುದು. ಸಂಕೋಚದಿಂದ ಸುಮ್ಮನಿದ್ದರೆ ಆ ಹಣ ಹೋದಂತೆಯೇ.