ನಡುದಾರಿಯ ನಿಲ್ದಾಣಕ್ಕೂ ವೀಸಾ ಬೇಕೇ?

ಹಿಂದೆ ನಮ್ಮ ಕಾಸರಗೋಡಿನ ಮನೆಗಳಿಂದ ಪರದೇಶಕ್ಕೆ ಹೊರಡುತ್ತಿದ್ದವರು ಬಹುಮಟ್ಟಿಗೆ ಕೊಲ್ಲಿ ನಾಡುಗಳಲ್ಲಿ ಕೆಲಸ ಅರಸುವ ತರುಣರು. ಇಂದು ಮಗಳ ಬಾಣಂತನಕ್ಕೆಂದೋ ಮೊಮ್ಮಗನ ನಾಮಕರಣಕ್ಕೆಂದೋ ಕೆನಡಾ, ಅಮೆರಿಕಗಳಿಗೆ ವೃದ್ಧ ದಂಪತಿಗಳೂ ಹೊರಡುತ್ತಿದ್ದಾರೆ. ಹೋಗಿ ಸೇರುವ ದೇಶದ ವೀಸಾ ಕೈಯಲ್ಲಿರುತ್ತದೆ. ನಡುವೆ ವಿಮಾನ ಬದಲಿಸಬೇಕಾದ ಊರಿನ ವಿಚಾರವನ್ನು ಮಾತ್ರ ಮನೆಯಲ್ಲಿ ಯಾರೂ ಯೋಚಿಸಿರುವುದಿಲ್ಲ. ಮಂಗಳೂರಿನಲ್ಲಿ ಇಳಿದು ಬೇರೆ ಬಸ್ಸು ಹತ್ತಿದಂತೆ ಎಂದೇ ಎಲ್ಲರ ಭಾವನೆ.

ಭೂಗೋಳದ ಪಾಠದಲ್ಲಿ ದೇಶದ ಗಡಿಯನ್ನು ಭೂಪಟದ ಅಂಚಿನಲ್ಲಿ ತೋರಿಸುವುದು ನಮ್ಮ ವಾಡಿಕೆ. ವಿಮಾನಯಾನದಲ್ಲಿ ಗಡಿಯು ನಿಲ್ದಾಣದೊಳಗಿನ ವಲಸೆ ತಪಾಸಣೆಯ ಕಟ್ಟೆಯಲ್ಲಿರುತ್ತದೆ. ಅದನ್ನು ದಾಟದೆ ಮುಂದಿನ ವಿಮಾನ ಹತ್ತುವವನು ಆ ದೇಶವನ್ನು ಪ್ರವೇಶಿಸಿದವನಲ್ಲವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆದುದರಿಂದಲೇ ದುಬೈ, ದೋಹಾಗಳಲ್ಲಿ ಒಳಗೇ ಉಳಿಯುವ ಭಾರತೀಯರಿಗೆ ವೀಸಾ ಬೇಡ. ದುಬೈ ಪಟ್ಟಣವನ್ನು ನೋಡುವ ಆಸೆಯಿದ್ದರೆ 48 ಅಥವಾ 96 ಗಂಟೆಗಳ ವೀಸಾವನ್ನು ಮುಂಚಿತವಾಗಿ ಪಡೆಯಬೇಕು.

ಹಾಗೆಂದು ಆ ಕೋಣೆ ಯಾರಿಗೂ ಸೇರದ ನೆಲವೇನಲ್ಲ. 1992ರಲ್ಲಿ ಸೊಮಾಲಿಯಾದ ಒಂದೇ ಕುಟುಂಬದ ನಾಲ್ವರನ್ನು ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಲ್ಲಿ 20 ದಿನ ತಡೆದಿರಿಸಲಾಗಿತ್ತು. ‘ಅಂತರರಾಷ್ಟ್ರೀಯ ವಲಯ’ವೆಂಬ ಹೆಸರಿದ್ದರೂ ಅದು ಫ್ರಾನ್ಸಿನ ಕಾನೂನಿಗೆ ಹೊರತಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ನೆಲ ಯಾರದೋ ನಿಯಮವೂ ಅವರದೇ.

ಈ ನಿಯಮಗಳಲ್ಲಿ ಏಕರೂಪವಿಲ್ಲ. ಅಮೆರಿಕದಲ್ಲಿ ತಪಾಸಣೆಯಿಲ್ಲದೆ ಕಾದು ಕುಳಿತು ಮುಂದೆ ಸಾಗುವ ವ್ಯವಸ್ಥೆಯೇ ಇಲ್ಲ. ವೀಸಾ ಇಲ್ಲದೆ ಹಾದುಹೋಗಲು ಕೆಲವರಿಗಿದ್ದ ಸೌಲಭ್ಯವನ್ನೂ 2003ರ ಆಗಸ್ಟಿನಲ್ಲಿ ನಿಲ್ಲಿಸಲಾಯಿತು. ಕೆನಡಾದ ವೀಸಾ ಪಡೆದ ನಮ್ಮ ದಂಪತಿಗಳು ಷಿಕಾಗೋದಲ್ಲಿ ಎರಡೇ ಗಂಟೆ ಕಳೆಯುವುದಿದ್ದರೂ ಅಮೆರಿಕದ ವೀಸಾ ಬೇಕೇ ಬೇಕು. ಅವರೇ ಲಂಡನ್ನಿನ ಮಾರ್ಗ ಹಿಡಿದು, ತಪಾಸಣೆಯ ಕಟ್ಟೆ ದಾಟದೆ ವಿಮಾನ ಬದಲಿಸಿದರೆ ತೊಂದರೆಯಿಲ್ಲ. ಬ್ರಿಟನ್ ಭಾರತೀಯರಿಂದ ನಿಲ್ದಾಣದೊಳಗಿನ ಬದಲಾವಣೆಗೂ ವೀಸಾ ಕೇಳುತ್ತದೆಯಾದರೂ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಊರ್ಜಿತ ವೀಸಾ ಉಳ್ಳವರಿಗೆ ವಿನಾಯಿತಿ ನೀಡಿದೆ. ಲಂಡನ್ನಿನ ಮೂಲಕ ಬ್ರೆಜಿಲಿಗೆ ಹೋಗುವವನಿಗೆ ಇಂಥ ಯಾವ ವೀಸಾವೂ ಇಲ್ಲದಿದ್ದರೆ ಈ ವಿನಾಯಿತಿಯಿಲ್ಲ. ಷೆಂಗೆನ್ ಒಕ್ಕೂಟದ ದೇಶಗಳ ಸಾಮಾನ್ಯ ಪಟ್ಟಿಯಲ್ಲಿ ಭಾರತವಿಲ್ಲ. ಆದರೆ ಪ್ರತಿಯೊಂದು ದೇಶವೂ ತನ್ನ ಮಟ್ಟಿಗೆ ಬೇರೆ ಹೆಸರುಗಳನ್ನು ಸೇರಿಸಬಹುದು. ಅಲ್ಲದೆ ಫ್ರಾಂಕ್‌ಫರ್ಟಿನಲ್ಲಿಳಿದು ರೋಮಿಗೆ ಹೋಗಿ ಅಲ್ಲಿಂದ ಮುಂದುವರಿದರೆ ನಡುವಿನದು ಒಳನಾಡಿನ ಹಾರಾಟದಂತೆ. ಆಗ ಷೆಂಗೆನ್ ಪ್ರವೇಶ ವೀಸಾವೇ ಬೇಕು.

ಅಗ್ಗದ ಆಸೆಗೆ ಎರಡು ಬೇರೆ ಬೇರೆ ಟಿಕೇಟು ಕೊಳ್ಳುವ ಮಕ್ಕಳಿಗೆ ಒಂದು ಮಾತು. ಹಾಗೆ ಕೊಂಡಾಗ ಪೆಟ್ಟಿಗೆಗಳು ಕೊನೆಯ ಊರಿನವರೆಗೆ ತಾವಾಗಿ ಸಾಗದೆ ಇರಬಹುದು. ಅವನ್ನು ಪಡೆಯಲು ಹೊರಗೆ ಬರಬೇಕು. ಹೊರಗೆ ಬರಲು ಆ ದೇಶದ ವೀಸಾ ಬೇಕು. ಉಳಿಸಿದ ಹಣಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾದೀತು.

ತಡೆಯುವುದು ಆ ದೂರದ ಊರಿನಲ್ಲಲ್ಲ, ಬೆಂಗಳೂರಿನ ಕೌಂಟರಿನಲ್ಲಿಯೇ. ದಾಖಲೆಯಿಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ದಂಡ ವಿಧಿಸುವ ಕಾಯಿದೆಯನ್ನು ಬ್ರಿಟನ್ 1987ರಲ್ಲಿಯೇ ಮಾಡಿತು. ಬೇರೆ ದೇಶಗಳಲ್ಲೂ ಅಂಥವುಗಳಿವೆ. ಕೌಂಟರಿನ ಹುಡುಗಿ ‘ಟೈಮ್ಯಾಟಿಕ್’ ಎಂಬ ನಿಯಮಗಳ ಕೋಶವನ್ನು ನೋಡಿ ಹೇಳುತ್ತಾಳೆ. ಅವಳೊಡನೆ ವಾದಿಸಿ ಫಲವಿಲ್ಲ. ಟಿಕೇಟು ಕೊಳ್ಳುವ ಮೊದಲೇ ನಡುವಿನ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ಮಕ್ಕಳಿಂದ ಓದಿಸಿಕೊಳ್ಳಬೇಕು. ಮರುಪ್ರಯಾಣದ ನಿಲ್ದಾಣ ಅನೇಕ ಸಲ ಬೇರೆಯದಾಗಿರುತ್ತದೆ. ಅದನ್ನೂ ಆಗಲೇ ವಿಚಾರಿಸಬೇಕು.