ಕಾರಿನ ಸ್ಟೀರಿಯೊ ನಡುನಡುವೆ ಮೂಕವಾದರೆ: ಸದಸ್ಯರ ಗಮನಕ್ಕೆ



ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಇತ್ತೀಚೆಗೆ ಪದೇ ಪದೇ ಕೇಳಿಬರುತ್ತಿರುವ ದೂರು ಒಂದಿದೆ. "ಕಾರಿನಲ್ಲಿ ಹಾಡು ಇದ್ದಕ್ಕಿದ್ದಂತೆ ನಿಂತು ಹೋಗುತ್ತದೆ, ಆಮೇಲೆ ತಾನೇ ಬರುತ್ತದೆ. ರಿಪೇರಿಗೆ ಕೊಂಡುಹೋದರೆ ಅಲ್ಲಿ ಸರಿಯಾಗಿಯೇ ಹಾಡುತ್ತದೆ." ನಮ್ಮ ಸದಸ್ಯರೊಬ್ಬರು ಇದೇ ಕಾರಣಕ್ಕೆ ಹಳೆಯ ಸೆಟ್ ತೆಗೆಸಿ ಹೊಸದನ್ನು ಹಾಕಿಸಿದರು. ಹೊಸ ಸೆಟ್ಟೂ ಹಾಗೆಯೇ ಮಾಡಿತು. ಕಡೆಗೆ ನೋಡಿದರೆ ತೊಂದರೆ ಇದ್ದದ್ದು ಚಾಲಕನ ಬಾಗಿಲಿನ ಸಂದಿಯಲ್ಲಿ ತುಂಡಾಗಿದ್ದ ಒಂದು ತಂತಿಯಲ್ಲಿ. ಇಂಥ ಖರ್ಚು ಇನ್ನೊಬ್ಬರಿಗೆ ಬರದಿರಲಿ ಎಂದು, ತಿಳಿದವರಿಂದ ಕೇಳಿ, ಕಂಡು ಗೊತ್ತುಮಾಡಿಕೊಂಡ ವಿಷಯಗಳನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಇದು ಬರೀ ಹಾಡಿನ ವಿಷಯವಲ್ಲ. ಸ್ಟೀರಿಯೊ ನಿಲ್ಲುವುದು ಕೆಲವೊಮ್ಮೆ ಕಾರಿನ ಇಡೀ ವಿದ್ಯುತ್ ವ್ಯವಸ್ಥೆ ಸಡಿಲಾಗಿದೆ ಎಂಬುದರ ಮೊದಲ ಸೂಚನೆ. ಮಂಜು ಮುಸುಕಿದ ಸಂಜೆ ಘಾಟಿಯ ತಿರುವಿನಲ್ಲಿ ಹೆಡ್‌ಲೈಟ್ ಮಂಕಾದರೆ ಏನಾಗಬಹುದು ಎಂಬುದನ್ನು ಕುಂದಾದವರಿಗೆ ಹೇಳಬೇಕಾಗಿಲ್ಲ.

ಮೊದಲು ಗಮನಿಸಬೇಕಾದದ್ದು

ಕಚೇರಿಯಲ್ಲಿ ಕಡತ ಕಾಣೆಯಾದರೆ ಇಡೀ ಕಟ್ಟಡ ಹುಡುಕುವುದಿಲ್ಲ. ಯಾವ ಮೇಜಿನವರೆಗೆ ಬಂದಿತ್ತು ಎಂದು ರಿಜಿಸ್ಟರ್ ನೋಡುತ್ತೇವೆ. ಇಲ್ಲಿಯೂ ಅದೇ ಪದ್ಧತಿ. ಬ್ಯಾಟರಿಯಿಂದ ಸೆಟ್ಟಿಗೆ, ಸೆಟ್ಟಿನಿಂದ ತಂತಿಗೆ, ತಂತಿಯಿಂದ ಸ್ಪೀಕರಿಗೆ ದಾರಿ ಇದೆ. ಎಲ್ಲಿ ತಡೆ ಎಂದು ತಿಳಿಯಲು ಶಬ್ದ ಹೋದ ಕ್ಷಣದಲ್ಲಿ ನಾಲ್ಕು ಸಂಗತಿ ನೋಡಿಕೊಳ್ಳಿ.

1. ಸೆಟ್ಟಿನ ದೀಪವೂ ಆರಿತೇ? ಹಾಗಾದರೆ ತೊಂದರೆ ಕರೆಂಟಿನದು.
2. ದೀಪ ಉರಿಯುತ್ತಿದ್ದು ಎಲ್ಲ ಸ್ಪೀಕರ್‌ಗಳೂ ಒಟ್ಟಿಗೆ ನಿಂತವೇ? ಆಗ ಸಂಶಯ ಸೆಟ್ಟಿನ ಒಳಗಿನ ಆಂಪ್ಲಿಫೈಯರ್ ಮೇಲೆ, ಇಲ್ಲವೇ ಬಾಡಿಗೆ ತಗುಲುತ್ತಿರುವ ಸ್ಪೀಕರ್ ತಂತಿಯ ಮೇಲೆ.
3. ಒಂದೇ ಬಾಗಿಲಿನ ಸ್ಪೀಕರ್ ನಿಂತಿತೇ? ಆ ಬಾಗಿಲಿನ ತಂತಿ, ಇಲ್ಲವೇ ಆ ಸ್ಪೀಕರ್.
4. ರೇಡಿಯೊ ಮಾತ್ರ, ಅಥವಾ ಫೋನಿನ ಹಾಡು ಮಾತ್ರ ನಿಂತಿತೇ? ಆಗ ಸ್ಪೀಕರ್ ಮತ್ತು ಅದರ ತಂತಿಯನ್ನು ಮುಟ್ಟಲೇಬೇಡಿ.

ಇದರ ಜೊತೆಗೆ ಯಾವ ರಸ್ತೆ, ಮಳೆಯೋ ಬಿಸಿಲೋ, ಗುಂಡಿಗೆ ಚಕ್ರ ಇಳಿದಾಗಲೋ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಬರೆಯುವ ಕೆಲಸ ಪಕ್ಕದಲ್ಲಿ ಕೂತವರದು, ಚಾಲಕರದಲ್ಲ. ನಾಲ್ಕು ದಿನದ ಚೀಟಿ ಇದ್ದರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ.

ರೇಡಿಯೊ ಮಾತ್ರ ನಿಂತರೆ

ನಮ್ಮ ಬೆಟ್ಟಗಳಲ್ಲಿ ಇದು ಬಹುಪಾಲು ಕಾಯಿಲೆಯೇ ಅಲ್ಲ. ನಮ್ಮ ದೇಶದಲ್ಲಿ ಎಫ್‌ಎಂ ಪ್ರಸಾರ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ ನಡೆಯುತ್ತದೆ. ಅಲೆಯ ಉದ್ದ ಸುಮಾರು 3 ಮೀಟರ್. ಈ ಅಲೆಗಳು ಹೆಚ್ಚುಕಡಿಮೆ ನೆಟ್ಟಗೆ ಸಾಗುತ್ತವೆ. ನಡುವೆ ಬೆಟ್ಟ ಬಂದರೆ ಅದರ ಹಿಂದೆ ನೆರಳು ಬಿದ್ದ ಹಾಗೆ ಆಗುತ್ತದೆ. ಮೈಸೂರಿನ ಆಕಾಶವಾಣಿಯನ್ನು 100.6ರಲ್ಲಿ ಕೇಳುತ್ತಾ ಹೊರಟವರಿಗೆ ಊರು ದೂರವಾದಂತೆ ಧ್ವನಿ ಸೊರಗುತ್ತಾ ಬರುವುದು, ಕಲ್ಲಹಟ್ಟಿಯ 36 ತಿರುವುಗಳನ್ನು ಹತ್ತುವಾಗ ಒಂದು ತಿರುವಿನಲ್ಲಿ ಒಂದು ನಿಲ್ದಾಣ ಬಂದು ಮುಂದಿನದರಲ್ಲಿ ಮಾಯವಾಗುವುದು ಇದೇ ಕಾರಣಕ್ಕೆ. ಬೆಟ್ಟಕ್ಕೆ ಬಡಿದು ಹಿಂತಿರುಗಿದ ಅಲೆ ನೇರ ಬಂದ ಅಲೆಯನ್ನು ಅಳಿಸಿಹಾಕುವುದೂ ಉಂಟು. ಆಗ ಕಾರು ಒಂದೆರಡು ಮೀಟರ್ ಮುಂದೆ ಸರಿದರೆ ಸಾಕು, ಧ್ವನಿ ಮರಳುತ್ತದೆ. ಒಂದೇ ಸಂಖ್ಯೆಯಲ್ಲಿ ಎರಡು ಊರಿನ ನಿಲ್ದಾಣಗಳಿದ್ದರೆ ಬಲವಾದದ್ದು ಮಾತ್ರ ಕೇಳಿಸುತ್ತದೆ. ಕನ್ನಡ ಕೇಳುತ್ತಿದ್ದಾಗ ತಮಿಳೋ ಮಲಯಾಳವೋ ನುಗ್ಗಿದರೆ ಗಾಬರಿ ಬೇಡ.

ಮೀಡಿಯಂ ವೇವ್‌ನ ಅಲೆಗಳು ಬಹಳ ಉದ್ದ. 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರದ ಅಲೆ 490 ಮೀಟರ್ ಇದೆ. ಅದಕ್ಕೆ ಬೆಟ್ಟದ ಅಡ್ಡಿ ಕಡಿಮೆ, ಆದರೆ ಹೈಟೆನ್ಷನ್ ತಂತಿಯ ಕೆಳಗೆ ಗುಂಯ್‌ಗುಡುತ್ತದೆ. ಕೊಲಂಬೊ ಯೋಜನೆಯಲ್ಲಿ ಕೆನಡಾ ದೇಶದ ನೆರವು ಪಡೆದು ಕಟ್ಟಿದ ಕುಂದಾ ಜಲವಿದ್ಯುತ್ ಯೋಜನೆಯ ತಂತಿಗಳು ನಮ್ಮ ರಸ್ತೆಗಳನ್ನು ಎಷ್ಟು ಕಡೆ ದಾಟುತ್ತವೆ ಎಂದು ನಿಮಗೇ ಗೊತ್ತು. ಕಂಬ ದಾಟಿದ ಮೇಲೆ ಸದ್ದು ನಿಂತರೆ ಅದು ಸೆಟ್ಟಿನ ದೋಷವಲ್ಲ.

ಬಯಲಿನಲ್ಲಿಯೂ, ಊಟಿ ಪೇಟೆಯಲ್ಲಿಯೂ ರೇಡಿಯೊ ಬಾರದಿದ್ದರೆ ಮಾತ್ರ ಆಂಟೆನಾ ನೋಡಿ. ಕಡ್ಡಿಯ ಬುಡದ ಸ್ಕ್ರೂ ಸಡಿಲವಿರಬಹುದು, ಒಳಗೆ ನೀರು ಇಳಿದಿರಬಹುದು. ಚಾವಣಿಯ ಮೇಲೆ ಗಿಡ್ಡ ಕಡ್ಡಿ ಇರುವ ಹಲವು ಕಾರುಗಳಲ್ಲಿ ಆಂಟೆನಾಕ್ಕೆ ಒಂದು ಸಣ್ಣ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಸೆಟ್ಟಿನ ನೀಲಿ ತಂತಿಯಿಂದ ಕರೆಂಟ್ ಹೋಗಬೇಕು. ಹೊಸ ಸೆಟ್ ಹಾಕುವವರು ಈ ತಂತಿಯನ್ನು ಹಾಗೇ ಬಿಟ್ಟರೆ ರೇಡಿಯೊ ಕ್ಷೀಣವಾಗುತ್ತದೆ.

ಫೋನಿನ ಹಾಡು ನಿಂತರೆ

ಫೋನಿನಲ್ಲಿ ಅಂತರ್ಜಾಲದಿಂದ ನೇರ ಹಾಡು ಕೇಳುವವರಿಗೆ ಕಣಿವೆಯಲ್ಲಿ ಟವರ್ ತಪ್ಪಿದರೆ ಹಾಡೂ ತಪ್ಪುತ್ತದೆ. ಅವಲಾಂಚಿ ಕಡೆಗೋ ಗೆದ್ದೆ ಕಡೆಗೋ ಹೋಗುವ ಮೊದಲು ನಾಲ್ಕು ಹಾಡನ್ನು ಫೋನಿನಲ್ಲೇ ಇಳಿಸಿಕೊಂಡು ಕೇಳಿ ನೋಡಿ. ಅವು ನಿಲ್ಲದಿದ್ದರೆ ಸೆಟ್ ಚೆನ್ನಾಗಿದೆ ಎಂದರ್ಥ. ಬ್ಲೂಟೂತ್‌ನಲ್ಲಿ ಕರೆ ಬಂದಾಗ, ದಾರಿ ಹೇಳುವ ಆ್ಯಪ್ ಮಾತಾಡಿದಾಗ ಹಾಡು ತಗ್ಗುವುದು ಸಹಜ. ಯುಎಸ್‌ಬಿ ವೈರ್ ಸವೆದಿದ್ದರೂ ಹಾಡು ಕಡಿಯುತ್ತದೆ. ಬೇರೆ ವೈರ್ ಅಥವಾ ಪೆನ್‌ಡ್ರೈವ್ ಹಾಕಿ ಪರೀಕ್ಷಿಸಿ.

ಕ್ಯಾಸೆಟ್ ಸೆಟ್ಟನ್ನು ಇನ್ನೂ ಉಳಿಸಿಕೊಂಡಿರುವ ಹಿರಿಯರಿಗೆ ಒಂದು ಮಾತು. ಹೆಡ್ ಮೇಲೆ ಕಂದು ಪುಡಿ ಕೂತರೆ ಧ್ವನಿ ಮಂಕಾಗುತ್ತದೆ, ಒಂದು ಪಕ್ಕ ನಿಲ್ಲುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ ಹಚ್ಚಿ ಮೆಲ್ಲಗೆ ಒರೆಸಿ. ತೀರಿಹೋದ ಅಪ್ಪನ ದನಿ, ಸಂಘದ ಹಳೆಯ ಕಾರ್ಯಕ್ರಮಗಳ ದನಿ ಇರುವ ಕ್ಯಾಸೆಟ್‌ಗಳನ್ನು ಮಾತ್ರ ಕಾರಿನಲ್ಲಿ ಹಾಕಬೇಡಿ. ಟೇಪು ರೋಲರಿಗೆ ಸುತ್ತಿಕೊಂಡರೆ ಹೋದದ್ದು ಮತ್ತೆ ಬಾರದು. ಮೊದಲು ಅದನ್ನು ಕಂಪ್ಯೂಟರಿಗೆ ಏರಿಸಿ ಎರಡು ಕಡೆ ಇಟ್ಟುಕೊಳ್ಳಿ.

ಒಂದೇ ಕಡೆಯ ಸ್ಪೀಕರ್ ನಿಂತರೆ

ಮೊದಲು ಸೆಟ್ಟಿನ ಬ್ಯಾಲೆನ್ಸ್ ಮತ್ತು ಫೇಡರ್ ಮಧ್ಯದಲ್ಲಿವೆಯೇ ನೋಡಿ. ಮೊಮ್ಮಕ್ಕಳು ಗುಂಡಿ ಒತ್ತಿ ಎಲ್ಲ ಶಬ್ದವನ್ನೂ ಹಿಂದಿನ ಸೀಟಿಗೆ ಕಳುಹಿಸಿರುತ್ತಾರೆ.

ಅದು ಸರಿಯಿದ್ದರೆ ಕಾರು ನಿಲ್ಲಿಸಿ, ಹಾಡು ಹಚ್ಚಿ, ಬಾಗಿಲನ್ನು ಮೆಲ್ಲನೆ ತೆಗೆದು ಹಾಕಿ. ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ತಂತಿಗಳು ಬಾಗಿಲಿಗೆ ಹೋಗುತ್ತವೆ. ವರ್ಷಗಟ್ಟಲೆ ಮಡಿಸಿ ಬಿಚ್ಚಿ ಒಳಗಿನ ತಾಮ್ರ ತುಂಡಾಗಿರುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ಬಾಗಿಲು ಅಲುಗಿದಾಗ ಶಬ್ದ ಹೋಗಿ ಬಂದರೆ ತೊಂದರೆ ಅಲ್ಲೇ. ಅದೇ ಬಾಗಿಲಿನ ಪವರ್ ವಿಂಡೋ ಕೂಡ ತಡವರಿಸುತ್ತಿದ್ದರೆ ಇನ್ನು ಸಂಶಯವೇ ಬೇಡ.

ಸ್ಪೀಕರನ್ನು ಪರೀಕ್ಷಿಸಲು ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಸಾಕು. ಸೆಟ್ಟಿನ ಹಿಂದಿನ ಪ್ಲಗ್ ಕಳಚಿ, ಆ ಸ್ಪೀಕರಿನ ಎರಡು ತಂತಿಗೆ ಸೆಲ್ಲಿನ ಎರಡು ತುದಿಯನ್ನು ಒಂದು ಕ್ಷಣ ತಾಗಿಸಿ. 'ಟಪ್' ಎಂದರೆ ತಂತಿಯೂ ಸ್ಪೀಕರೂ ಸರಿ. ಸುಮ್ಮನಿದ್ದರೆ ಬಾಗಿಲು ಅಲುಗಿಸಿ ಮತ್ತೊಮ್ಮೆ ತಾಗಿಸಿ. ಸೆಟ್ಟಿಗೆ ಜೋಡಿಸಿದ್ದಾಗ ಹೀಗೆ ಮಾಡಬಾರದು. ಸಾಮಾನ್ಯವಾಗಿ ಅಂಗಡಿಯಿಂದ ಹಾಕಿಸಿದ ಸೆಟ್‌ಗಳಲ್ಲಿ ಬಿಳಿ ಜೋಡಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವ ತಂತಿ ಆ ಜೋಡಿಯ ಮೈನಸ್.

ದೀಪ ಇದ್ದು ಎಲ್ಲ ಸ್ಪೀಕರ್ ನಿಂತರೆ

ಈಗಿನ ಸೆಟ್‌ಗಳಲ್ಲಿ ಸ್ಪೀಕರಿನ ಮೈನಸ್ ತಂತಿ ಕಾರಿನ ಬಾಡಿಗೆ ತಾಗಬಾರದು. ಎಲ್ಲಿಯಾದರೂ ಚರ್ಮ ಸುಲಿದ ತಂತಿ ಬಾಡಿಗೆ ತಗುಲಿದರೆ ಆಂಪ್ಲಿಫೈಯರ್ ತನ್ನನ್ನು ಕಾಪಾಡಿಕೊಳ್ಳಲು ಶಬ್ದ ನಿಲ್ಲಿಸುತ್ತದೆ. ಗುಂಡಿಗೆ ಇಳಿದಾಗಲೆಲ್ಲ ಹೀಗಾದರೆ ಇದನ್ನೇ ಹುಡುಕಬೇಕು. ಮೀಟರ್ ಇದ್ದರೆ ಪ್ಲಗ್ ಕಳಚಿ ಅಳೆಯಿರಿ. 4 ಓಮ್ ಸ್ಪೀಕರಿನ ಎರಡು ತಂತಿಯ ನಡುವೆ 3ರಿಂದ 4 ಓಮ್ ತೋರಿಸಬೇಕು. ತಂತಿಗೂ ಬಾಡಿಗೂ ನಡುವೆ ಯಾವ ಸಂಪರ್ಕವೂ ತೋರಿಸಬಾರದು. ಕಾರು ನಿಂತೇ ಇದ್ದಾಗ ಇಲಿ ತಂತಿ ಕಡಿದಿರುವುದೂ ಉಂಟು. ಸೀಟಿನ ಕೆಳಗೆ, ಕಾರ್ಪೆಟ್ ಅಡಿಯಲ್ಲಿ ನೋಡಿ.

ಇನ್ನೊಂದು ವಿಚಿತ್ರ ನಮ್ಮ ರಸ್ತೆಯಲ್ಲಿ ಕಾಣುವಂಥದ್ದು. ಮೇಲೆ ಹಾಡುವ ಸೆಟ್ ಮೆಟ್ಟುಪಾಳಯ ತಲುಪುವಷ್ಟರಲ್ಲಿ ನಿಲ್ಲುತ್ತದೆ, ರಾತ್ರಿ ಮನೆಗೆ ಬಂದರೆ ಮತ್ತೆ ಹಾಡುತ್ತದೆ. ಸಾವಿರ ಮೀಟರ್ ಇಳಿದರೆ ಸುಮಾರು 6 ಡಿಗ್ರಿ ಸೆಖೆ ಏರುತ್ತದೆ. ಸೆಟ್ಟಿನೊಳಗಿನ ಬೆಸುಗೆ ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಂಪಿಗೆ ಮತ್ತೆ ಕೂಡುತ್ತದೆ. ಇದಕ್ಕೆ ಬೆಸುಗೆ ಬಲ್ಲ ರೇಡಿಯೊ ಮೆಕ್ಯಾನಿಕ್ಕೇ ಬೇಕು. ಆದರೆ ಮರುಬೆಸುಗೆಯಿಂದ ಸರಿಯಾಗಬಹುದಾದ ಸೆಟ್ಟನ್ನು ಬಿಸಾಡುವ ಮೊದಲು ಒಮ್ಮೆ ಕೇಳಿ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಎಂದು ನಿಲ್ಲುವ ಹಳೆಯ ಸೆಟ್ಟಿಗೆ ಗುಂಡಿಯೊಳಗಿನ ಧೂಳು ಕಾರಣ. ಅದಕ್ಕೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ದೀಪವೇ ಆರಿದರೆ: ಇದನ್ನು ತಳ್ಳಿಹಾಕಬೇಡಿ

ಸೆಟ್ಟಿಗೆ ಮುಖ್ಯವಾಗಿ ಮೂರು ತಂತಿ. ಹಳದಿಯದು ಬ್ಯಾಟರಿಯಿಂದ ಸದಾ ಬರುವ ಕರೆಂಟ್, ಕೆಂಪು ಕೀಲಿಕೈ ತಿರುಗಿಸಿದಾಗ ಬರುವುದು, ಕಪ್ಪು ಅರ್ತ್. ಗಡಿಯಾರವೂ ನಿಲ್ದಾಣಗಳ ನೆನಪೂ ಅಳಿಸಿಹೋದರೆ ಹಳದಿ ಅಥವಾ ಕಪ್ಪು, ನೆನಪು ಉಳಿದು ಸೆಟ್ ಮಾತ್ರ ಆರಿದರೆ ಬಹುಮಟ್ಟಿಗೆ ಕೆಂಪು ಎಂದು ಹಿಡಿಯಿರಿ.

ನಮ್ಮ ಕಡೆ ಹೆಚ್ಚು ಕೈಕೊಡುವುದು ಅರ್ತ್. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ. ಅಷ್ಟು ಸುರಿಯದ ತಿಂಗಳಲ್ಲಿಯೂ ಮಂಜಿನ ತೇವ ಇದ್ದೇ ಇರುತ್ತದೆ. ಬೋಲ್ಟಿಗೆ ತುಕ್ಕು, ತಾಮ್ರಕ್ಕೆ ಕಿಲುಬು ಹಿಡಿದರೆ ಕರೆಂಟಿನ ದಾರಿ ಕಿರಿದಾಗುತ್ತದೆ. ಪರೀಕ್ಷೆ ಹೀಗೆ: ಹಾಡು ಜೋರಾಗಿ ಹಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಸೆಟ್ಟಿನ ಲೋಹದ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ ಇಡಿ. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಹಾಗೆಯೇ ಬ್ಯಾಟರಿ ಎಂಜಿನ್ ನಿಂತಾಗ 12.6 ವೋಲ್ಟ್ ಆಸುಪಾಸು, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು.

ಹಾಡು ನಿಂತಾಗ ಹೆಡ್‌ಲೈಟ್ ಮಂಕಾದರೆ, ವೈಪರ್ ನಿಧಾನವಾದರೆ, ಹಾರ್ನ್ ಕುಗ್ಗಿದರೆ ಅದು ಸ್ಟೀರಿಯೊದ ಕಾಯಿಲೆ ಅಲ್ಲವೇ ಅಲ್ಲ. ಬ್ಯಾಟರಿಯ ಟರ್ಮಿನಲ್, ಮುಖ್ಯ ಅರ್ತ್ ಪಟ್ಟಿ ಅಥವಾ ಆಲ್ಟರ್ನೇಟರ್ ಕೆಟ್ಟಿದೆ. ಅಂದೇ ತೋರಿಸಿ. ಅದನ್ನು ಸರಿಮಾಡಿಸದೆ ರಾತ್ರಿ ಘಾಟಿ ಇಳಿಯಬೇಡಿ. ಮೈಸೂರಿನಿಂದ ಬರುವವರು ರಾತ್ರಿ 9ರೊಳಗೆ ಬಂಡೀಪುರದ ಕಾಡು ದಾಟಬೇಕು, ಆಮೇಲೆ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಆ ದಾರಿಯಲ್ಲಿ ಕಾರು ನಿಂತರೆ ಸುತ್ತ ಆನೆ ಇರುತ್ತದೆ, ಮೆಕ್ಯಾನಿಕ್ ಇರುವುದಿಲ್ಲ.

ಮಾಡಬಾರದ್ದು

1. ಹೋದ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸನ್ನಾಗಲಿ, ತಂತಿ ಅಥವಾ ಸಿಗರೇಟ್ ಕಾಗದವನ್ನಾಗಲಿ ಹಾಕಬೇಡಿ. ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಇದ್ದ ಬಣ್ಣವನ್ನೇ ಹಾಕಿ. ಫ್ಯೂಸ್ ಉಳಿದು ತಂತಿ ಉರಿದರೆ ಕಾರೇ ಹೋಗುತ್ತದೆ.
2. ತಂತಿ ಮುಟ್ಟುವ ಮೊದಲು ಬ್ಯಾಟರಿಯ ಮೈನಸ್ ಕಳಚಿ, ಕೊನೆಯಲ್ಲಿ ಅದನ್ನೇ ಜೋಡಿಸಿ. ಕೆಲವು ಸೆಟ್‌ಗಳು ಆಮೇಲೆ ಕೋಡ್ ಕೇಳುತ್ತವೆ, ಮೊದಲೇ ಹುಡುಕಿಟ್ಟುಕೊಳ್ಳಿ.
3. ಹಳದಿ ಹೊದಿಕೆಯ ತಂತಿ ಗುಚ್ಛ, ಹಳದಿ ಪ್ಲಗ್ ಕಂಡರೆ ಕೈ ಹಾಕಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.
4. ತಂತಿ ತಿರುಚಿ ಟೇಪು ಸುತ್ತಿದ ಜೋಡಣೆ ನಮ್ಮ ತೇವಕ್ಕೆ ಬಾಳುವುದಿಲ್ಲ. ಬೆಸುಗೆ ಹಾಕಿಸಿ ಅಥವಾ ಸರಿಯಾದ ಕನೆಕ್ಟರ್ ಹಾಕಿಸಿ.
5. ಓಡುತ್ತಿರುವ ಕಾರಿನಲ್ಲಿ ಸೆಟ್ಟಿಗೆ ಗುದ್ದಬೇಡಿ, ಗುಂಡಿ ಹುಡುಕಬೇಡಿ. ಶಬ್ದ ಹೋದರೆ ಹೋಗಲಿ. ತಿರುವಿನಲ್ಲಿ ಎದುರಿನ ಬಸ್ಸಿನ ಹಾರ್ನ್ ಕೇಳಿಸುವುದು ಹಾಡಿಗಿಂತ ಮುಖ್ಯ. ಸೆಟ್ ಸರಿಯಿದ್ದಾಗಲೂ ಘಾಟಿಯಲ್ಲಿ ದನಿ ತಗ್ಗಿಸಿಡಿ.

ರಾಜ್ಯೋತ್ಸವದ ಹೊತ್ತಿಗೆ ಇಲ್ಲಿ ಹಿಂಗಾರು ಮಳೆ. ಕಾರು ತೆಗೆದುಕೊಂಡು ಮೈಸೂರು ಕಡೆಗೆ ಹೋಗಿಬರುವವರು ಹೊರಡುವ ವಾರದ ಮೊದಲೇ ಟರ್ಮಿನಲ್ ಮತ್ತು ಅರ್ತ್ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿ ಕೋರಿಕೆ. ಮುಂದಿನ ಮಾಸಿಕ ಸಭೆಗೆ ನಾನು ಮೀಟರ್ ಮತ್ತು ಒಂದು ಸೆಲ್ ತರುತ್ತೇನೆ. ಕಾರಿನಲ್ಲಿ ಬರುವ ಸದಸ್ಯರು ಮೇಲೆ ಹೇಳಿದ ಚೀಟಿಯನ್ನು ಬರೆದು ತಂದರೆ ಸಭೆಯ ನಂತರ ಒಟ್ಟಿಗೆ ನೋಡೋಣ. ಚೀಟಿ ಇಲ್ಲದ ಕಾರುಗಳನ್ನು ಕೊನೆಯಲ್ಲಿ ನೋಡಲಾಗುವುದು.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ