ತಡೆಯುವವರ ಲೆಕ್ಕ ಬರೆಯುವವರು ಯಾರು? ಗದಗಿನ ಸುನಿಲ್ ಜೋಶಿ ಮತ್ತು 10-6-6-5

ಇವತ್ತಿನ ಎಪಿಸೋಡ್ ಆಟದ ಬಗ್ಗೆ. ಆದರೆ ಸಿಕ್ಸ್ ಹೊಡೆಯುವವರ ಬಗ್ಗೆ ಅಲ್ಲ, ತಡೆಯುವವರ ಬಗ್ಗೆ.

ಮೊದಲು ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿನ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ನುಗ್ಗುವ ಆಟ. ಒಂದು ಕಡೆಗೆ 11 ಮಂದಿ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಚೆಂಡು ಎಸೆಯುವ ನಾಯಕ ಕ್ವಾರ್ಟರ್‌ಬ್ಯಾಕ್. ಟಿವಿ, ಜಾಹೀರಾತು, ಹೆಸರು, ಎಲ್ಲ ಅವನಿಗೇ. ಅವನನ್ನು ತಡೆಯಲು ಎದುರಿಗೆ ಮೊದಲ ಸಾಲಿನಲ್ಲಿ ಮೂರೋ ನಾಲ್ಕೋ ದೊಡ್ಡ ದೇಹದ ಆಟಗಾರರು ನಿಂತಿರುತ್ತಾರೆ. ಅವರೇ ಡಿಫೆನ್ಸಿವ್ ಲೈನ್‌ಮನ್‌ಗಳು.

ಕಬಡ್ಡಿ ನೋಡಿದವರಿಗೆ ಇದು ಬೇಗ ತಿಳಿಯತೈತಿ. ರೈಡರ್ ಬಂದಾಗ ಕಾರ್ನರ್‌ನಾಗ ನಿಂತವ ಕಾಲು ಹಿಡಿತಾನ, ಕವರ್‌ನವ ದಾರಿ ಮುಚ್ಚತಾನ. ಕೆಲಸ ಇಬ್ಬರದು, ಹೆಸರು ಹಿಡಿದವನದು. ಅಮೆರಿಕದ ಲೈನ್‌ನಲ್ಲೂ ಹಂಗೇ. ನಡುವೆ ನಿಂತವನು ಎದುರಿನ ಇಬ್ಬರನ್ನು ಮೈಮೇಲೆ ಎಳೆದುಕೊಂಡು ಒದ್ದಾಡುತ್ತಾನೆ. ಆ ಗ್ಯಾಪಿನಲ್ಲಿ ಹಿಂದಿನಿಂದ ಬಂದವನು ಚೆಂಡು ಹಿಡಿದವನನ್ನು ಕೆಡವುತ್ತಾನೆ. ಪುಸ್ತಕದಲ್ಲಿ ಬರೆಯುವುದು ಕೆಡವಿದವನ ಹೆಸರು.

ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ನೆಲಕ್ಕೆ ಕೆಡವಿದರೆ ಅದಕ್ಕೆ 'ಸ್ಯಾಕ್' ಅಂತಾರೆ. ಈ ಪದವನ್ನು ಜನಪ್ರಿಯ ಮಾಡಿದವನು ಡೀಕನ್ ಜೋನ್ಸ್, 1961ರಿಂದ 1974ರವರೆಗೆ ಆಡಿದ ದೈತ್ಯ. ಆದರೆ ಆಟಗಾರನ ಹೆಸರಿನಲ್ಲಿ ಸ್ಯಾಕ್ ಲೆಕ್ಕ ಬರೆಯುವುದನ್ನು ಅಲ್ಲಿನ ಲೀಗ್ ಅಧಿಕೃತವಾಗಿ ಶುರು ಮಾಡಿದ್ದು 1982ರಲ್ಲಿ. ಪದ ಕೊಟ್ಟವನ ಖಾತೆಯಲ್ಲಿ ಅಂದಿನ ಅಧಿಕೃತ ದಾಖಲೆ ಪ್ರಕಾರ ಒಂದೂ ಇಲ್ಲ! ಲೆಕ್ಕ ಶುರುವಾದ ಮೇಲೆ ಬೆಲೆಯೂ ಬಂತು. ಇವತ್ತು ಕ್ವಾರ್ಟರ್‌ಬ್ಯಾಕ್‌ಗಳನ್ನು ಬಿಟ್ಟರೆ ಅತಿ ಹೆಚ್ಚು ಸಂಬಳ ಪಡೆಯುವವರ ಸಾಲಿನಲ್ಲಿ ಸ್ಯಾಕ್ ಮಾಡುವವರೂ ಇದ್ದಾರೆ.

ನಾನು ಬಿ.ಕಾಂ. ಓದಿದವ, ನನ್ನ ಕಣ್ಣು ಹೋಗುವುದು ಇಲ್ಲಿಗೇ. ಗದಗ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ: ಕಿರ್ದಿಯೊಳಗ ಬರೆದದ್ದು ರೊಕ್ಕ, ಬರೆಯದೇ ಇದ್ದದ್ದು ಮಾತು. ಆಟದಲ್ಲೂ ಅಷ್ಟೇ.

ಈಗ ನಮ್ಮೂರಿಗೆ ಬರೋಣ.

ಸುನಿಲ್ ಜೋಶಿ ಹುಟ್ಟಿದ್ದು 1970ರ ಜೂನ್ 6ರಂದು, ಗದಗಿನಲ್ಲಿ. ಆಗ ಗದಗ ಜಿಲ್ಲೆಯೇ ಇರಲಿಲ್ಲ, ಧಾರವಾಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆ ಆಗಿದ್ದು 1997ರಲ್ಲಿ. ಹುಡುಗನಾಗಿದ್ದಾಗ ಬೆಳಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ, ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ಗದಗಿಗೆ ವಾಪಸ್ ಬರುತ್ತಿದ್ದರು. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಗದಗ ಜಂಕ್ಷನ್ ಊರು, ಹುಬ್ಬಳ್ಳಿಗೆ ನೇರ ರೈಲು ಇತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಹುಡುಗರಿಗೆ ಊರೊಳಗ ರೈಲು ನಿಲ್ದಾಣವೇ ಇಲ್ಲ, ಮೊದಲ ಬಸ್ಸೇ ಗತಿ. ಈ ವ್ಯತ್ಯಾಸ ನೆನಪಿರಲಿ, ಕೊನೆಗೆ ಬೇಕಾಗತೈತಿ.

ಜೋಶಿ ಎಡಗೈ ಸ್ಪಿನ್ನರ್, ಜೊತೆಗೆ ಬ್ಯಾಟಿಂಗೂ ಬರುತ್ತಿತ್ತು. 1995–96ರ ರಣಜಿ ಸೀಸನ್‌ನಲ್ಲಿ 529 ರನ್, 52 ವಿಕೆಟ್. ಒಂದೇ ಸೀಸನ್‌ನಲ್ಲಿ 500 ರನ್, 50 ವಿಕೆಟ್ ಎರಡನ್ನೂ ದಾಟುವುದು ಬಹಳ ಅಪರೂಪ. ಆ ವರ್ಷ ಕರ್ನಾಟಕ ರಣಜಿ ಗೆದ್ದಿತು. 1996ರ ಬೇಸಿಗೆಯಲ್ಲಿ ಇಂಗ್ಲೆಂಡ್‌ನ ಎಜ್‌ಬಾಸ್ಟನ್‌ನಲ್ಲಿ ಟೆಸ್ಟ್ ಕ್ಯಾಪ್ ಸಿಕ್ಕಿತು.

ಆದರೆ ಸಮಸ್ಯೆ ಏನು ಗೊತ್ತೇನ್ರೀ? ಅದು ಅನಿಲ್ ಕುಂಬ್ಳೆಯ ಕಾಲ. ತಂಡದಲ್ಲಿ ಸ್ಪಿನ್ನರ್‌ಗಳಿಗೆ ಒಂದೋ ಎರಡೋ ಜಾಗ, ಅದರಲ್ಲಿ ಒಂದು ಕುಂಬ್ಳೆಯದೇ. ಉಳಿದ ಜಾಗಕ್ಕೆ ಇಡೀ ದೇಶ ಸಾಲು ನಿಂತಿತ್ತು. ಅಲ್ಲಿ ನಿಂತವನ ಕೆಲಸ ಬಹುಪಾಲು ತಡೆಯುವುದು. ಒಂದು ತುದಿಯಿಂದ ರನ್ ಬಿಡದೇ ಹಿಡಿದಿಟ್ಟರೆ ಬ್ಯಾಟ್ಸ್‌ಮನ್ ಇನ್ನೊಂದು ತುದಿಯಲ್ಲಿ ಬೀಸಿ ಔಟಾಗುತ್ತಾನೆ. ವಿಕೆಟ್ ಯಾರ ಖಾತೆಗೆ? ಆ ತುದಿಯವನ ಖಾತೆಗೆ. ಡಿಫೆನ್ಸಿವ್ ಲೈನ್‌ನ ನಡುವಿನವನ ಕಥೆಯೇ ಇದು.

ಒಂದು ದಿನ ಮಾತ್ರ ತಡೆಯುವುದೂ ವಿಕೆಟ್ಟೂ ಒಂದೇ ಖಾತೆಗೆ ಬಿದ್ದವು. 1999ರ ಸೆಪ್ಟೆಂಬರ್ 26, ನೈರೋಬಿ, ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿಯ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಬಿಡಿಸಿ ನೋಡೋಣ. 60 ಎಸೆತಗಳಲ್ಲಿ 36ಕ್ಕೆ, ಅಂದರೆ ಆರು ಪೂರ್ತಿ ಓವರ್‌ಗಳಿಗೆ, ರನ್ನೇ ಇಲ್ಲ. ಉಳಿದ 24 ಎಸೆತಗಳಲ್ಲಿ ಆರು ರನ್. ದಕ್ಷಿಣ ಆಫ್ರಿಕಾ ಒಟ್ಟು 117ಕ್ಕೆ ಆಲೌಟ್, ಅದರಲ್ಲಿ ಜೋಶಿ ಲೆಕ್ಕಕ್ಕೆ ಬಿದ್ದದ್ದು ಆರೇ ಆರು. ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಅದೇ ಟೂರ್ನಿಯ ಸರಣಿಶ್ರೇಷ್ಠ ಪ್ರಶಸ್ತಿ ಕರ್ನಾಟಕದವರೇ ಆದ ವಿಜಯ್ ಭಾರದ್ವಾಜ್‌ಗೆ ಸಿಕ್ಕಿತು.

ಮರುವರ್ಷ, 2000ದ ನವೆಂಬರ್, ಢಾಕಾ. ಬಾಂಗ್ಲಾದೇಶಕ್ಕೆ ಚರಿತ್ರೆಯ ಮೊದಲ ಟೆಸ್ಟ್, ಸೌರವ್ ಗಂಗೂಲಿಗೆ ನಾಯಕನಾಗಿ ಮೊದಲ ಟೆಸ್ಟ್. ಜೋಶಿ ಮೊದಲ ಇನಿಂಗ್ಸ್‌ನಲ್ಲಿ 5 ವಿಕೆಟ್, ಎರಡನೆಯದರಲ್ಲಿ 3, ನಡುವೆ ಬ್ಯಾಟ್ ಹಿಡಿದು 92. ಪಂದ್ಯಶ್ರೇಷ್ಠ ಅವರೇ.

ಇಷ್ಟಾದ ಮೇಲೆ ಜಾಗ ಗಟ್ಟಿ ಅಂತ ನಾವು ಅಂದ್ಕೋತೀವಿ, ಹೌದಲ್ಲೋ? ಆ ವರ್ಷ ಮುಗಿಯುವುದರೊಳಗೆ ಅವರ ಟೆಸ್ಟ್ ಬದುಕು ಮುಗಿದಿತ್ತು. 2001ರಲ್ಲಿ ಒಂದು ದಿನದ ಪಂದ್ಯಗಳೂ ಮುಗಿದವು. ಒಟ್ಟು 15 ಟೆಸ್ಟ್, 41 ವಿಕೆಟ್. 69 ಏಕದಿನ ಪಂದ್ಯ, 69 ವಿಕೆಟ್. ವಯಸ್ಸು ಇನ್ನೂ ಮೂವತ್ತರ ಆಸುಪಾಸು.

ಇಲ್ಲಿಂದ ಮುಂದಿನ ಭಾಗ ನನಗೆ ನೈರೋಬಿಗಿಂತ ಮುಖ್ಯ. ಯಾಕಂದ್ರೆ ಹೆಚ್ಚಿನ ಆಟಗಾರರ ಬದುಕು ಇಂಥಲ್ಲೇ ಮುರಿಯುತ್ತದೆ. ಜೋಶಿ ರಣಜಿಗೆ ವಾಪಸ್ ಬಂದು ನಲವತ್ತರ ಹತ್ತಿರದವರೆಗೂ ಆಡಿದರು. ಪ್ರಥಮ ದರ್ಜೆಯಲ್ಲಿ 160 ಪಂದ್ಯ, 615 ವಿಕೆಟ್, 5,129 ರನ್. 2008ರಲ್ಲಿ ಐಪಿಎಲ್ ಶುರುವಾದಾಗ ಆರ್‌ಸಿಬಿ ಸೇರಿದರು, ಆಗ ವಯಸ್ಸು 38ಕ್ಕೆ ಬಂದಿತ್ತು. ದೊಡ್ಡ ರೊಕ್ಕದ ಬಂಡಿ ಬಂದದ್ದೇ ತಡವಾಗಿ. 2012ರಲ್ಲಿ ನಿವೃತ್ತಿ.

ಆಮೇಲೆ ಕೋಚಿಂಗ್. 2014ರ ಡಿಸೆಂಬರ್‌ನಲ್ಲಿ ಜಮ್ಮು-ಕಾಶ್ಮೀರ ತಂಡ ಮುಂಬೈಯನ್ನು ವಾಂಖೆಡೆಯಲ್ಲೇ ಸೋಲಿಸಿತಲ್ಲ, ಆಗ ಕೋಚ್ ಆಗಿದ್ದವರು ಈ ಗದಗಿನವರು. ಮುಂದೆ ಒಮಾನ್, ಬಾಂಗ್ಲಾದೇಶ ತಂಡಗಳಿಗೆ ಸ್ಪಿನ್ ಪಾಠ. 2020ರ ಮಾರ್ಚ್‌ನಲ್ಲಿ ಭಾರತ ತಂಡದ ಆಯ್ಕೆ ಸಮಿತಿಗೆ ಅಧ್ಯಕ್ಷ. ಅಲ್ಲೂ ಲೆಕ್ಕ ಬಿಡಲಿಲ್ಲ ನೋಡ್ರಿ. ಹೆಚ್ಚು ಟೆಸ್ಟ್ ಆಡಿದವರೇ ಅಧ್ಯಕ್ಷರಾಗಬೇಕು ಅನ್ನುವ ನಿಯಮದಡಿ, ಅದೇ ಡಿಸೆಂಬರ್‌ನಲ್ಲಿ 23 ಟೆಸ್ಟ್ ಆಡಿದ್ದ ಚೇತನ್ ಶರ್ಮಾ ಅಧ್ಯಕ್ಷರಾದರು. 15 ಟೆಸ್ಟ್‌ನ ಜೋಶಿ ಸದಸ್ಯರಾಗಿ ಮುಂದುವರಿದರು. ಅವತ್ತು ಎಣಿಕೆಗೆ ಬಂದದ್ದು ಟೆಸ್ಟ್‌ಗಳ ಸಂಖ್ಯೆ, 615 ವಿಕೆಟ್ ಅಲ್ಲ.

ಹಾಗಾದರೆ ಬೆಟಗೇರಿಯಲ್ಲೋ ಮುಂಡರಗಿಯಲ್ಲೋ ಆಡುವ ಹುಡುಗ, ಹುಡುಗಿ ಇದರಿಂದ ಏನು ತಗೋಬೇಕು? ನನಗೆ ಕಾಣುವುದು ಮೂರು.

ಒಂದು, ನಿಮ್ಮ ಲೆಕ್ಕ ನೀವೇ ಬರೀರಿ. ವಿಕೆಟ್, ಗೋಲು ಮಾತ್ರ ಅಲ್ಲ. ಡಾಟ್ ಬಾಲ್, ಮೇಡನ್, ಯಶಸ್ವಿ ಟ್ಯಾಕಲ್, ಉಳಿಸಿದ ರನ್, ಎಲ್ಲ ದಿನಾಂಕದ ಸಮೇತ. ಒಂದು ಹತ್ತು ರೂಪಾಯಿ ನೋಟ್‌ಬುಕ್ ಅಥವಾ ಫೋನಿನ ಒಂದು ಶೀಟ್ ಸಾಕು. ಟ್ರಯಲ್ಸ್‌ನಲ್ಲಿ ನಿಮಗೆ ಸಿಗುವುದು ಐದಾರು ಎಸೆತ. ಎರಡು ವರ್ಷದ ಕೆಲಸ ಆ ಐದು ನಿಮಿಷದಲ್ಲಿ ಕಾಣುವುದಿಲ್ಲ, ಪುಸ್ತಕದಲ್ಲಿ ಕಾಣುತ್ತದೆ.

ಎರಡು, ದಾರಿ ಖರ್ಚನ್ನು ಮೊದಲೇ ಕೂಡಿಸಿ. ಮೈದಾನ, ಕೋಚ್, ಲೀಗ್ ಬಹುಪಾಲು ಹುಬ್ಬಳ್ಳಿ-ಧಾರವಾಡದ ಕಡೆಗೇ ಇವೆ. ಗದಗಿನವನಿಗೆ ಒಂದು ಪ್ರಯಾಣ, ಶಿರಹಟ್ಟಿಯವನಿಗೆ ಗದಗಿಗೆ ಒಂದು, ಅಲ್ಲಿಂದ ಇನ್ನೊಂದು. ಬಸ್ ಪಾಸು, ಊಟ, ಶೂ, ತಿಂಗಳಿಗೆ ಎಷ್ಟು ಅಂತ ಬರೆದು ಮನೆಯವರ ಮುಂದೆ ಇಡಿ. 'ಆಟ ಬಿಟ್ಟು ಓದು' ಅನ್ನುವ ಅಪ್ಪನಿಗೂ ಅಂಕಿ ಕಂಡರೆ ಮಾತಾಡಲಿಕ್ಕೆ ಒಂದು ದಾರಿ ಸಿಗುತ್ತದೆ.

ಮೂರು, ಎರಡನೆಯ ಕೆಲಸವನ್ನು ಮೊದಲನೆಯದು ನಡೆಯುವಾಗಲೇ ಕಲಿಯಿರಿ. ಜೋಶಿಯ ದೊಡ್ಡ ವೇದಿಕೆ ಸುಮಾರು ಐದು ವರ್ಷ, ಆಟದೊಳಗಿನ ಬದುಕು ಮೂವತ್ತು ವರ್ಷಕ್ಕೂ ಹೆಚ್ಚು. ಕೋಚಿಂಗ್, ಅಂಪೈರಿಂಗ್, ಸ್ಕೋರಿಂಗ್, ಫಿಟ್‌ನೆಸ್, ಎಲ್ಲವೂ ಆಟದ ಅನ್ನವೇ. ಡಿಗ್ರಿ ಬಿಡಬೇಡಿ, ಅದು ಅಡ್ಡಿ ಅಲ್ಲ, ಆಸರೆ.

ಮುಂದಿನ ಸಲ ಹೈಲೈಟ್ಸ್ ನೋಡುವಾಗ ಸಿಕ್ಸ್ ಹೊಡೆದವನ ಜೊತೆಗೆ, ಅದಕ್ಕೂ ಮುಂಚೆ ಮೂರು ಓವರ್ ರನ್ನೇ ಬಿಡದೇ ಹಾಕಿದವ ಯಾರು ಅಂತ ಸ್ಕೋರ್‌ಕಾರ್ಡ್ ಕೆಳಗೆ ಸರಿಸಿ ನೋಡ್ರಿ. ನಿಮ್ಮೂರಿನಲ್ಲಿ ಹಂಗ ತಡೆಯುವ ಆಟಗಾರರು ಯಾರಿದ್ದಾರೆ ಅನ್ನೋದನ್ನ ವಾಯ್ಸ್ ಮೆಸೇಜ್‌ನಲ್ಲಿ ಕಳಿಸ್ರಿ, ಮುಂದಿನ ವಾರ ಕೇಳೋಣ. ಬರ್ತೀನ್ರೀ.